ಭಾವನ ಪೋಲಿಷ್ ಕ್ವಿಜ್ಜು

ನಮ್ಮ ಭಾವನಿಗೆ ತಲೆ ಕೆಟ್ಟಿಲ್ಲ ಎಂದು ಪ್ರಮಾಣ ಮಾಡಿ ಹೇಳುವವರು ಇಡೀ ಲಂಡನ್ನಿನಲ್ಲಿ ಇಬ್ಬರೇ ಇದ್ದರು. ಒಬ್ಬರು ಸ್ವತಃ ಭಾವ, ಇನ್ನೊಬ್ಬಳು ನನ್ನ ಅಕ್ಕ. ಅಕ್ಕ ಅವರ ಹೆಂಡತಿಯಾದ್ದರಿಂದ ಅವಳ ಸಾಕ್ಷಿ ನಡೆಯುವುದಿಲ್ಲ. ಭಾವನ ಸಾಕ್ಷಿಯೂ ನಡೆಯುವುದಿಲ್ಲ, ಏಕೆಂದರೆ ಅದು ಅರ್ಧ ಪೋಲಿಷ್ ಭಾಷೆಯಲ್ಲಿರುತ್ತಿತ್ತು!

ಹೌದು, ಪೋಲಿಷ್. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಇಲ್ಲಿಯ ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಜನರ ಎಲುಬುಗಳ ಫೋಟೋ ನೋಡಿ ನಿವೃತ್ತರಾದ ಮನುಷ್ಯ ರೇನರ್ಸ್ ಲೇನ್ ಬಡಾವಣೆಯ ತಮ್ಮ ಮನೆಯಲ್ಲಿ ದಿನಾ ಸಂಜೆ ಚಹಾದ ಹೊತ್ತಿಗೆ ಪೋಲೆಂಡಿನ ಟೀವಿ ಹಚ್ಚಿಕೊಂಡು ಕೂರುತ್ತಾರೆ. ಸಿನಿಮಾ ಅಲ್ಲ, ಧಾರಾವಾಹಿ ಅಲ್ಲ, ಫುಟ್‌ಬಾಲ್ ಕೂಡ ಅಲ್ಲ. ಸಾಮಾನ್ಯ ಜ್ಞಾನದ ಕ್ವಿಜ್. ಅದೇನೋ ಬಹಳ ವರ್ಷಗಳಿಂದ ನಡೆದುಬಂದಿರುವ ಕಾರ್ಯಕ್ರಮವಂತೆ, ಅಲ್ಲಿ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುತ್ತಾರಂತೆ. ಪೋಲೆಂಡಿನ ಅಜ್ಜಿ ನೋಡಲಿ, ಯಾರು ಬೇಡ ಅಂದರು? ಧಾರವಾಡದ ಅಜ್ಜ ಯಾಕೆ ನೋಡಬೇಕು?

ಈ ರೋಗದ ಮೂಲ ಅವರ ಮನೆಯ ಬಚ್ಚಲು. ಎರಡು ವರ್ಷದ ಹಿಂದೆ ಬಚ್ಚಲಿಗೆ ಹೊಸ ಟೈಲ್ಸ್ ಹಾಕಲು ಮಾರೆಕ್ ಎಂಬ ಪೋಲೆಂಡಿನವನು ಬಂದ. ಒಳ್ಳೆಯ ಕೆಲಸಗಾರ. ಆದರೆ ಮಧ್ಯಾಹ್ನ ಊಟದ ಡಬ್ಬಿ ತೆಗೆದನೆಂದರೆ ಫೋನನ್ನು ಸಿಮೆಂಟಿನ ಚೀಲಕ್ಕೆ ಒರಗಿಸಿ ಹಿಂದಿನ ದಿನದ ಕ್ವಿಜ್ ನೋಡುತ್ತಿದ್ದ. ಮೊದಲ ದಿನ ಭಾವ ಬಾಗಿಲಲ್ಲಿ ನಿಂತು ನೋಡಿದರು. ಎರಡನೇ ದಿನ ಸ್ಟೂಲು ತಂದು ಕೂತರು. ಮೂರನೇ ದಿನ ಅಕ್ಕನನ್ನೂ ಕರೆತಂದು, ಮಾರೆಕ್‌ಗೆ ಒಗ್ಗರಣೆ ಅವಲಕ್ಕಿ ಕೊಟ್ಟು, ಮೂವರೂ ಬಚ್ಚಲಲ್ಲೇ ಬೀಡುಬಿಟ್ಟರು. ಎರಡು ವಾರದಲ್ಲಿ ಮುಗಿಯಬೇಕಿದ್ದ ಕೆಲಸ ಆರು ವಾರ ಹಿಡಿಯಿತು. ಮಾರೆಕ್ ಹೋದ, ಟೈಲ್ಸ್ ಉಳಿಯಿತು, ಪೋಲೆಂಡಿನ ಚಾನೆಲ್ಲೂ ಮನೆಯಲ್ಲಿ ಕಾಯಂ ಆಯಿತು.

ಆಟದ ನಿಯಮ ಸರಳ. ಹತ್ತು ಜನ ಅರ್ಧಚಂದ್ರದ ಹಾಗೆ ನಿಲ್ಲುತ್ತಾರೆ. ಪ್ರತಿಯೊಬ್ಬರಿಗೂ ಒಂದು ನಂಬರು, ಮೂರು ಅವಕಾಶ. ಸರಿಯುತ್ತರ ಹೇಳಿದವರು ಮುಂದಿನ ಪ್ರಶ್ನೆ ಯಾರಿಗೆ ಎಂದು ನಂಬರು ಹೇಳಿ ಆರಿಸಬೇಕು. ಮೂರೂ ಅವಕಾಶ ಕಳೆದುಕೊಂಡವರ ದೀಪ ಆರುತ್ತದೆ, ಅವರು ಮನೆಗೆ. ಹಾಡಿಲ್ಲ, ಕುಣಿತವಿಲ್ಲ, ಗೆದ್ದವರು ಮಂಡಿಯೂರಿ ಅಳುವುದಿಲ್ಲ. ಒಂದು ಸಲ ನೋಡಿದಾಗ ನನಗೆ ಕಾಲೇಜಿನ ವೈವಾ ಪರೀಕ್ಷೆಯ ನೆನಪಾಯಿತು.

"ಭಾವ, ನಿಮಗೆ ಪೋಲಿಷ್ ಅರ್ಥ ಆಗತ್ತಾ?" ಎಂದು ನಾನು ಕೇಳಿದೆ.

"ಅರ್ಥ ಆಗೋದೇನದ ಅದರಾಗ? ಜಗತ್ತಿನ ಜ್ಞಾನ ಎಲ್ಲಾ ಒಂದ. ಭಾಷಾ ಬರೇ ಮ್ಯಾಲಿನ ಸಿಪ್ಪಿ."

ಸಿಪ್ಪೆ ಸುಲಿಯುವ ಅವರ ವಿಧಾನವೇ ವಿಚಿತ್ರ. ಪ್ರಶ್ನೆಯಲ್ಲಿ ಯಾವುದಾದರೂ ದೇಶದ ಹೆಸರೋ ರಾಜನ ಹೆಸರೋ ಬಂದರೆ ಅದನ್ನು ಹಿಡಿದುಕೊಂಡು, ಉಳಿದದ್ದನ್ನು ಬಿಟ್ಟು, ಉತ್ತರ ಒಗೆಯುವುದು. ಆ ದಿನ ಪ್ರಶ್ನೆಯಲ್ಲಿ ಆಸ್ಟ್ರೇಲಿಯಾ ಎಂಬ ಪದ ಬಂತು. "ಕ್ಯಾನ್ಬೆರಾ," ಎಂದು ಭಾವ ಸೋಫಾದ ಕೈ ಗುದ್ದಿದರು. ಪರದೆಯ ಮೇಲೆ ಮೂರನೇ ನಂಬರಿನ ಹೆಂಗಸು ಹೇಳಿದ ಉತ್ತರ ಕಾಂಗರೂ. ಸರಿಯುತ್ತರವೂ ಅದೇ.

"ಕಾಂಗರೂ ಕ್ಯಾನ್ಬೆರಾದಾಗೂ ಇರ್ತಾವ. ನಂದು ಅರ್ಧ ಸರಿ," ಎಂದರು ಭಾವ.

ಪಕ್ಕದಲ್ಲಿ ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಬೇಕಾದರೆ ಅಕ್ಕ ಯಾರು ಎಂದು ಹೇಳಬೇಕು.

ನನ್ನ ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮೈಸೂರಿನ ನಮ್ಮ ಮನೆಯಲ್ಲಿ ವಿಶ್ವಕೋಶ ಇರಲಿಲ್ಲ, ಬೇಕೂ ಆಗಿರಲಿಲ್ಲ. ಅಕ್ಕ ಇದ್ದಳು. ಬಾವಲಿ ಹಕ್ಕಿಯೋ ಪ್ರಾಣಿಯೋ, ಹೈದರಾಲಿಯ ತಂದೆ ಯಾರು, ಬೆಳ್ಳಿ ಯಾಕೆ ಕಪ್ಪಾಗುತ್ತದೆ, ಎಲ್ಲವನ್ನೂ ಜಡೆ ಹೆಣೆಯುತ್ತಲೇ ಹೇಳುವಳು. ಹೆಸರುಗಳಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ನನಗೆ ಹೆಸರಿಟ್ಟವಳೂ ಅವಳೇ. ಅಪ್ಪ ಅಮ್ಮ ಇಬ್ಬರೂ ಅಜ್ಜಿಯ ಹೆಸರಿಡಬೇಕೆಂದಿದ್ದರೆ, ಹನ್ನೊಂದು ವರ್ಷದ ಈ ಹುಡುಗಿ ಒಂದು ಹೊತ್ತು ಊಟ ಬಿಟ್ಟು ಹಟ ಹಿಡಿದು ತಾನು ಆರಿಸಿದ ಹೆಸರನ್ನೇ ಇಡಿಸಿದಳಂತೆ. ಇಲ್ಲಿಗೆ ಬಂದ ಮೇಲೆ ಕೌನ್ಸಿಲ್ಲಿನ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದಳು. ನಮ್ಮ ಕನ್ನಡ ಬಳಗದ ಯುಗಾದಿ ಕ್ವಿಜ್ಜಿನಲ್ಲಿ ವರ್ಷ ವರ್ಷವೂ ಅವಳೇ ಮೊದಲು, ಭಾವ ಎರಡನೆಯವರು. ಬಹುಮಾನವಾಗಿ ಸ್ಟೀಲ್ ಡಬ್ಬ ಕೊಡುತ್ತಾರೆ. ಅಕ್ಕನ ಅಡುಗೆಮನೆಯಲ್ಲಿ ಸಾಸಿವೆಯಿಂದ ಹಿಡಿದು ಅಕ್ಕಿಯವರೆಗೆ ಎಲ್ಲವೂ ಅವಳು ಗೆದ್ದ ಡಬ್ಬಗಳಲ್ಲೇ ಇವೆ.

ಅಂಥ ಅಕ್ಕ ಎರಡು ವರ್ಷದಿಂದ ವೇದಿಕೆ ಹತ್ತಿರಲಿಲ್ಲ. ಒಂದು ಯುಗಾದಿಗೆ "ನಮ್ಮ ಕಾರ್ಯಕ್ರಮದ ಫೈನಲ್ ಅದ" ಎಂದು ಭಾವ ಅವಳನ್ನು ಮನೆಯಲ್ಲೇ ಉಳಿಸಿಕೊಂಡರು. ಮರುವರ್ಷ ಹೋಳಿಗೆ ಊಟಕ್ಕೆ ಮಾತ್ರ ಕರೆತಂದು, ಕ್ವಿಜ್ ಶುರುವಾಗುವ ಹೊತ್ತಿಗೆ ಕಾರು ಹತ್ತಿಸಿಕೊಂಡು ಹೋದರು. ನನಗೆ ಆಗಲೇ ಖಾತ್ರಿಯಾಯಿತು. ಇಷ್ಟು ವರ್ಷ ಹೆಂಡತಿಯ ಕೈಲಿ ಸೋತ ಗಂಡಸು ಅವಳನ್ನು ಆಟದಿಂದಲೇ ಎಬ್ಬಿಸಿ, ಇಬ್ಬರಿಗೂ ಒಂದಕ್ಷರ ತಿಳಿಯದ ಭಾಷೆಯ ಮುಂದೆ ತಂದು ಕೂರಿಸಿ ಸಮಾನತೆ ಸಾಧಿಸಿಕೊಂಡಿದ್ದಾನೆ! ಅಕ್ಕನನ್ನು ಮತ್ತೆ ವೇದಿಕೆ ಹತ್ತಿಸುವುದು ನನ್ನ ಧರ್ಮ ಎಂದು ಕೊಲಿಂಡೇಲಿನ ನನ್ನ ಫ್ಲಾಟಿನ ಲಿಫ್ಟಿನಲ್ಲಿ ನಿಂತು ಶಪಥ ಮಾಡಿದೆ. ಲಿಫ್ಟಿನಲ್ಲಿ ಇನ್ನೂ ಇಬ್ಬರಿದ್ದರು, ಸ್ವಲ್ಪ ಸರಿದು ನಿಂತರು.

ಅಷ್ಟರಲ್ಲಿ ಭಾವ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕ್ವಿಜ್ಜಿನ ಪದ್ಧತಿಯನ್ನು ಮನೆಗೂ ತಂದರು. ಮನೆಮಂದಿಗೆಲ್ಲ ನಂಬರು! ಅಕ್ಕ ಒಂದು, ಅವರು ಎರಡು. ಮ್ಯಾಂಚೆಸ್ಟರಿನಲ್ಲಿರುವ ಮಗ ಮೂರು, ಸೊಸೆ ನಾಲ್ಕು. ನಾನು ಐದು, ನನ್ನ ಗಂಡ ಆರು, ನನ್ನ ಮಗಳು ಎಂಟು. ಮಧ್ಯೆ ಒಂದು ನಂಬರನ್ನು ಮುಂದೆ ಹುಟ್ಟಬಹುದಾದವರಿಗೆ ಖಾಲಿ ಬಿಟ್ಟಿದ್ದಾರಂತೆ. ಫ್ರಿಜ್ಜಿನ ಬಾಗಿಲ ಮೇಲೆ ಎಲ್ಲರ ಫೋಟೋ, ಕೆಳಗೆ ಅಂಗೈಯಗಲದ ನಂಬರಿನ ಮ್ಯಾಗ್ನೆಟ್ಟು. ಆ ಮನೆಯ ಹೊಸ್ತಿಲು ದಾಟಿದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಅದೂ ಪೋಲಿಷ್ ಅಂಕಿಯಲ್ಲೇ ಕರೆದರೆ ವಿಶೇಷ ಮರ್ಯಾದೆ.

"ಶೆಷ್ಚ್, ಉಪ್ಪು ಈ ಕಡೆ ಸರಸು," ಎನ್ನುತ್ತಾರೆ ಭಾವ, ಊಟದ ಮೇಜಿನಲ್ಲಿ. ಆರನೇ ನಂಬರಿನ ನನ್ನ ಗಂಡ, ಬ್ಯಾಂಕಿನ ಕಂಪ್ಯೂಟರುಗಳನ್ನು ನಡುಗಿಸುವ ಮನುಷ್ಯ, ಮರುಮಾತಿಲ್ಲದೆ ಉಪ್ಪು ಸರಿಸುತ್ತಾನೆ. ಪ್ರಶ್ನೆ ಬೀಳುತ್ತದೆ, ಉತ್ತರಿಸಿದವರು ಮುಂದಿನವರ ನಂಬರು ಹೇಳುತ್ತಾರೆ, ಮೂರು ಸಲ ತಪ್ಪಿದವರು ಪಾತ್ರೆ ತೊಳೆಯಬೇಕು. ನನ್ನ ಮಗಳಿಗೆ ಇದು ಪರಮ ಖುಷಿ. ಮನೆಯಲ್ಲಿ ಕನ್ನಡ ಮಾತಾಡು ಅಂದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಇಲ್ಲಿ ಬಂದರೆ, "ದೊಡ್ಡಪ್ಪ, ಐ ಆ್ಯಮ್ ಓಶೆಮ್, ಆಸ್ಕ್ ಮೀ," ಎಂದು ತನ್ನ ಎಂಟನ್ನು ಪೋಲಿಷಿನಲ್ಲೇ ಹೇಳಿ ಕುಣಿಯುತ್ತಾಳೆ. ತಾಯ್ನುಡಿ ಕಲಿಸಲು ಹತ್ತು ವರ್ಷ ಹೆಣಗಿದ ನನ್ನ ಮುಂದೆ ಮಗು ಪೋಲಿಷ್ ಕಲಿಯಿತು.

ಸತ್ಯನಾರಾಯಣ ಪೂಜೆಯ ದಿನ ಬಂದ ಅತಿಥಿಗಳಿಗೂ ಸ್ಟಿಕ್ಕರ್ ಅಂಟಿಸಿದರು. ಪುರೋಹಿತರಿಗೆ ಹನ್ನೊಂದು. ಸಂಕಲ್ಪಕ್ಕೆ ಗೋತ್ರ, ನಕ್ಷತ್ರ, ಹೆಸರು ಕೇಳಿದ ಪುರೋಹಿತರಿಗೆ ಭಾವ, "ಆಕಿ ಒಂದು, ನಾ ಎರಡು ಅಂತ ಹೇಳ್ರಿ, ದೇವರಿಗೆ ತಿಳೀತದ," ಎಂದರು. ಪುರೋಹಿತರು ಹೇಳಲಿಲ್ಲ, ಆದರೆ ಮಂಗಳಾರತಿಯ ತನಕ ಎದೆಯ ಮೇಲಿನ ಸ್ಟಿಕ್ಕರ್ ತೆಗೆಯುವುದನ್ನೂ ಮರೆತಿದ್ದರು.

ಇದನ್ನೆಲ್ಲ ಸಹಿಸಿದೆ. ಒಂದನ್ನು ಮಾತ್ರ ಸಹಿಸಲಾಗಲಿಲ್ಲ. ಒಂದು ಭಾನುವಾರ ನಾನು ಒಳಗೆ ಕಾಲಿಟ್ಟಾಗ ಅಕ್ಕ ಮುಖವರಳಿಸಿ, "ಬಾರೇ, ಪ್ಯೆಂಚ್," ಎಂದಳು. ಪ್ಯೆಂಚ್ ಎಂದರೆ ಐದು. ನನಗೆ ಹೆಸರಿಟ್ಟವಳೇ ನನ್ನನ್ನು ಐದು ಎಂದು ಕರೆಯುವುದೇ? ನಾನು ನೇರ ಫ್ರಿಜ್ಜಿನ ಹತ್ತಿರ ಹೋಗಿ, ಐದರ ಮ್ಯಾಗ್ನೆಟ್ಟನ್ನು ಕಿತ್ತು, ಚಮಚಗಳ ಡ್ರಾಯರಿಗೆ ಎಸೆದು ಧಡಾರನೆ ಮುಚ್ಚಿದೆ.

"ಭಾವ, ನಾನೇನು ಜೈಲಿನಲ್ಲಿದ್ದೀನಾ? ನನಗೆ ಹೆಸರಿದೆ. ನಿಮ್ಮ ಹುಚ್ಚಾಟಕ್ಕೆ ಅಕ್ಕನ್ನೂ ಕುಣಿಸ್ತಿದ್ದೀರಲ್ಲ, ನಾಚಿಕೆ ಆಗಲ್ವಾ?"

ಸಾಮಾನ್ಯವಾಗಿ ನಾನೊಂದು ಅಂದರೆ ಭಾವ ಹತ್ತು ಅನ್ನುವವರು. ಅವತ್ತು ಚಹಾ ಸೋಸಿ ನನ್ನ ಮುಂದೆ ಲೋಟ ಇಟ್ಟರು. ಆಮೇಲೆ, "ಬ್ಯಾಡಂದ್ರ ಬ್ಯಾಡ ಬಿಡು ತಂಗಿ. ಆಟದಾಗ ಒಬ್ಬರು ಕಮ್ಮಿ," ಎಂದರು. ಗೆದ್ದೆನೆಂದು ಬೀಗಿದೆ.

ಗೆದ್ದ ಹುಮ್ಮಸ್ಸಿನಲ್ಲೇ ಈ ವರ್ಷದ ಯುಗಾದಿಗೆ ಪಿತೂರಿ ಹೂಡಿದೆ. ಬಳಗದ ಅಧ್ಯಕ್ಷರು ಬೆಂಗಳೂರಿನವರು, ಸಜ್ಜನರು, ಯಾರು ಕೊನೆಗೆ ಮಾತಾಡಿದರೋ ಅವರ ಮಾತು ಕೇಳುವವರು. ಕ್ವಿಜ್ ನಡೆಸಿಕೊಡುವ ಹೊಣೆಯನ್ನು ಭಾವನಿಗೇ ಕೊಡಿಸಿದೆ. ಅವರು ಉಬ್ಬಿಹೋಗಿ, ಪೋಲೆಂಡಿನ ಪದ್ಧತಿಯಲ್ಲೇ ಮಾಡುತ್ತೇನೆ ಎಂದು ಕೊರಳಿಗೆ ಹಾಕಲು ಹತ್ತು ನಂಬರ್ ಕಾರ್ಡುಗಳನ್ನು ದಾರ ಕಟ್ಟಿ ತಯಾರಿಸಿದರು. ಅವರು ಪ್ರಶ್ನೆ ಕೇಳುವವರಾದರೆ ಅಕ್ಕನನ್ನು ಕಾರು ಹತ್ತಿಸಿಕೊಂಡು ಹೋಗಲು ಸಾಧ್ಯವಿಲ್ಲವಲ್ಲ! ಅಷ್ಟೇ ನನಗೆ ಬೇಕಿದ್ದದ್ದು. ಅಧ್ಯಕ್ಷರ ಕಿವಿಯಲ್ಲಿ ಇನ್ನೊಂದನ್ನೂ ಊದಿದ್ದೆ.

ಕಾರ್ಯಕ್ರಮ ಹ್ಯಾರೋ ಕಡೆಯ ಒಂದು ಶಾಲೆಯ ಸಭಾಂಗಣದಲ್ಲಿ. ಈಸ್ಟ್ ಹ್ಯಾಮಿನ ಹೋಟೆಲಿನಿಂದ ತರಿಸಿದ ಬಿಸಿಬೇಳೆಬಾತು ತಿಂದು ಜನ ತೂಕಡಿಸಲು ತಯಾರಾಗಿ ಕೂತಿದ್ದರು. ಅಧ್ಯಕ್ಷರು ಮೈಕ್ ಹಿಡಿದು, "ಆ್ಯಕ್ಚುಲಿ, ಇವತ್ತು ಎರಡು ಸರ್‌ಪ್ರೈಸ್ ಇದೆ. ಒಂದು, ನಮ್ಮ ಚಾಂಪಿಯನ್ ಮೇಡಮ್ ಮತ್ತೆ ಸ್ಟೇಜಿಗೆ ಬರ್ತಿದಾರೆ," ಎಂದರು. ಚಪ್ಪಾಳೆ. ನಾನು ಅಕ್ಕನ ಕೈ ಹಿಡಿದು ಎಬ್ಬಿಸಿದೆ. "ಬೇಡ ಕಣೇ," ಎಂದಳು. ಸಂಕೋಚ ಎಂದುಕೊಂಡೆ. ಅವಳ ಜೊತೆ ನಾನೂ ಹತ್ತಿ ಸಾಲಿನ ತುದಿಯಲ್ಲಿ ನಿಂತೆ.

"ಎರಡು," ಎಂದರು ಅಧ್ಯಕ್ಷರು, "ಈ ಕಾರ್ಡು ಗೀರ್ಡು ಏನೂ ಬೇಡ. ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ? ಹೆಸರು ಹಿಡಿದು ಕರೆಯೋಣ."

ನನ್ನ ಪಿತೂರಿಯ ಎರಡನೇ ಭಾಗ ಅದು. ಹತ್ತು ಕಾರ್ಡುಗಳ ಗೊಂಚಲು ಹಿಡಿದು ನಿಂತಿದ್ದ ಭಾವನ ಮುಖ ನೋಡಿದೆ. ಸೋತ ಮುಖ ನೋಡಬೇಕೆಂದಿದ್ದೆ. ಅಲ್ಲಿದ್ದದ್ದು ಹೆದರಿದ ಮುಖ. ಈ ಮನುಷ್ಯ ಇಷ್ಟಕ್ಕೆಲ್ಲ ಹೆದರುವುದೇಕೆ ಎಂದು ಯೋಚಿಸುವಷ್ಟರಲ್ಲಿ ಆಟ ಶುರುವಾಗಿತ್ತು.

ಮೂರ್ನಾಲ್ಕು ಪ್ರಶ್ನೆಯಾದ ಮೇಲೆ ಯಾರೋ ಅಕ್ಕನ ಹೆಸರು ಹೇಳಿದರು. ಭಾವ ತಮ್ಮ ಕೈಲಿದ್ದ ಪ್ರಶ್ನೆಯ ಚೀಟಿಗಳನ್ನು ಸರಸರ ತಿರುವಿ, ಒಂದನ್ನೂ ಆರಿಸದೆ, ಬಾಯಿಂದಲೇ ಕೇಳಿದರು. "ಬೆಳ್ಳಿ ಯಾಕ ಕರ್ರಗಾಗ್ತದ?"

"ಗಾಳಿಯಲ್ಲಿರೋ ಗಂಧಕದಿಂದ," ಎಂದಳು ಅಕ್ಕ, ತಟ್ಟನೆ, ಜಡೆ ಹೆಣೆಯುವ ಆ ಹಳೆಯ ಸ್ವರದಲ್ಲಿ. ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ನನಗೆ ಕಣ್ಣು ತುಂಬಿತು. ನೋಡಿ ಭಾವ, ನೋಡಿ, ಎಂದು ಮನಸ್ಸಿನಲ್ಲೇ ಕೂಗಿದೆ.

"ಈಗ ಮುಂದಿನ ಪ್ರಶ್ನೆ ಯಾರಿಗೆ ಮೇಡಮ್? ಹೆಸರು ಹೇಳಿ," ಎಂದರು ಅಧ್ಯಕ್ಷರು.

ಅಕ್ಕ ನನ್ನ ಕಡೆ ತಿರುಗಿದಳು. ಸ್ವಂತ ತಂಗಿಯನ್ನಲ್ಲದೆ ಇನ್ಯಾರನ್ನು ಕರೆದಾಳು? ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ನಗುತ್ತಲೇ ಇದ್ದಳು, ಆದರೆ ಕಣ್ಣುಗಳು ನನ್ನ ಮುಖದ ಮೇಲೆ ಹುಡುಕಾಡುತ್ತಿದ್ದವು. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ಅವಳು ಊಟ ಬಿಟ್ಟು ಇಡಿಸಿದ ಹೆಸರು ನನ್ನದು. ಅದು ಅವಳಿಗೆ ಸಿಗುತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಷ್ಟರಲ್ಲಿ ಮೈಕಿನಲ್ಲಿ ಗುಡುಗು.

"ಏ, ನಿಲ್ಲಸ್ರಿ ಆಟ! ಏನ್ರಿ ಅಧ್ಯಕ್ಷರ, ನಿಯಮ ಅಂದ್ರ ನಿಯಮ. ಹೆಸರು ಗಿಸರು ನಡಿಯಂಗಿಲ್ಲ ಇಲ್ಲೆ. ಹೆಸರು ಹೇಳಿದವರೆಲ್ಲಾ ಔಟ್. ನಂಬರ್ ಹೇಳ್ಬೇಕು, ಅದೂ ಪೋಲಿಷಿನಾಗ ಹೇಳ್ಬೇಕು. ಇಲ್ಲಂದ್ರ ನಾ ಮೈಕ್ ಕೊಡಂಗಿಲ್ಲ, ಯಾರು ಬರ್ತೀರಿ ಬರ್ರಿ," ಎಂದು ಭಾವ ಕಾರ್ಡುಗಳ ಗೊಂಚಲನ್ನು ತಲೆಯ ಮೇಲೆ ಎತ್ತಿ ಹಿಡಿದು ವೇದಿಕೆಯ ಉದ್ದಕ್ಕೂ ಓಡಾಡತೊಡಗಿದರು. ಪಂಚೆಯ ಚುಂಗು ಬಿಚ್ಚಿಕೊಂಡಿತು. ಜನ ಬಿದ್ದು ಬಿದ್ದು ನಕ್ಕರು. ಡಾಕ್ಟರಿಗೆ ಪೂರ್ತಿ ತಿರುಗಿದೆ ಎಂದು ಹಿಂದಿನಿಂದ ಯಾರೋ ಹೇಳಿದ್ದು ವೇದಿಕೆಯವರೆಗೂ ಕೇಳಿಸಿತು. ಭಾವನಿಗೂ ಕೇಳಿಸಿರಬೇಕು. ಅವರು ಪಂಚೆ ಕಟ್ಟಿಕೊಳ್ಳುತ್ತ ಇನ್ನಷ್ಟು ಕೂಗಾಡಿದರು. ಇಡೀ ಸಭೆ ಅವರನ್ನೇ ನೋಡುತ್ತಿತ್ತು. ಅಕ್ಕನನ್ನು ಒಬ್ಬರೂ ನೋಡುತ್ತಿರಲಿಲ್ಲ.

ಅಕ್ಕ ಸೆರಗು ಬಿಟ್ಟಳು. ಬೆರಳು ನನ್ನ ಕಡೆ ಚಾಚಿದಳು. "ಪ್ಯೆಂಚ್," ಎಂದಳು.

ಜನರಿಗೆ ಅದೂ ತಮಾಷೆಯಾಯಿತು. ಅಧ್ಯಕ್ಷರು, "ಪ್ಯೆಂಚ್ ಅಂದ್ರೆ ಯಾರಪ್ಪಾ?" ಎಂದು ಸಾಲಿನ ಉದ್ದಕ್ಕೂ ನೋಡಿದರು. ಯಾರ ಕೊರಳಲ್ಲೂ ಕಾರ್ಡಿರಲಿಲ್ಲ. ಇರದಂತೆ ಮಾಡಿದವಳು ನಾನೇ.

"ನಾನು," ಎಂದೆ. "ಐದು ನಾನೇ."

ಭಾವ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಕೇಳಿದ ಪ್ರಶ್ನೆ ನನ್ನ ಕಿವಿಗೆ ಬೀಳಲೇ ಇಲ್ಲ.

ಸಂಜೆ ಅವರ ಮನೆಯಲ್ಲಿ ಅಕ್ಕ ಸೋಫಾದಲ್ಲಿ ಕೂತು, ಪೋಲೆಂಡಿನ ಟೀವಿಯಲ್ಲಿ ಸುದ್ದಿ ಮುಗಿದು ಕ್ವಿಜ್ ಶುರುವಾಗುವುದನ್ನು ಕಾಯುತ್ತಿದ್ದಳು. ಅಡುಗೆಮನೆಯಲ್ಲಿ ಭಾವ ಚಹಾಕ್ಕೆ ನೀರಿಟ್ಟಿದ್ದರು. ನಾನು ಬಾಗಿಲಿಗೆ ಒರಗಿ ನಿಂತೆ. ನಾನು ಕೇಳುವ ಮೊದಲೇ ಅವರು ಹೇಳಿದರು.

"ಆಕಿಗೆ ಮರವು ಶುರುವಾಗಿ ಎರಡು ವರ್ಷದ ಮ್ಯಾಲಾತು. ಮದಲ ಹೆಸರು ಹೋಗ್ತಾವ. ಅಂಕಿ ಇನ್ನಾ ಉಳದಾವ. ಎಷ್ಟು ದಿವಸ ಉಳೀತಾವೋ ಗೊತ್ತಿಲ್ಲ. ನಿನಗ ಹೇಳಬ್ಯಾಡ ಅಂತ ಆಕಿನ ಅಂದಾಳ. 'ತಂಗಿ ಎಲ್ಲಾ ನನ್ನ ಕಡೆನ ಕೇಳ್ತಾಳ, ನಂಗ ಗೊತ್ತಿಲ್ಲ ಅಂದ್ರ ಆಕಿ ಹೆದರ್ತಾಳ' ಅಂತ."

"ಮತ್ತೆ ಈ ಪೋಲಿಷ್, ಭಾವ?"

"ಇಂಗ್ಲಿಷಿನ ಕ್ವಿಜ್ ಹಚ್ಚಿದ್ರ ಒಂದೊಂದು ಉತ್ತರ ಸಿಗದಾಗೂ ಆಕಿ ಅಳ್ತಿದ್ಲು. ಕನ್ನಡದ್ದು ಹಚ್ಚಿದ್ರ ಇನ್ನಾ ಜಾಸ್ತಿ. ಬಚ್ಚಲದಾಗ ಮಾರೆಕ್‌ನ ಜೋಡಿ ಕೂತಾಗ ನಕ್ಕಳು ನೋಡು. ಇದರಾಗ ಆಕಿಗೂ ಏನೂ ಗೊತ್ತಿಲ್ಲ, ನನಗೂ ಏನೂ ಗೊತ್ತಿಲ್ಲ. ಮರತದ್ದಲ್ಲ, ಮದಲಿಂದನೂ ಗೊತ್ತಿಲ್ಲ. ಆಕಿಗೆ ನಾಚಿಕಿ ಇಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷ ನಾನು ಈ ಮನುಷ್ಯನನ್ನು ಬಳಗದ ಎಲ್ಲರೆದುರು ಆಡಿಕೊಂಡು ನಕ್ಕಿದ್ದೆ. ಅವರ ಮುಖ ನೋಡಲಾಗದೆ ಡ್ರಾಯರ್ ತೆರೆದು ಚಮಚಗಳನ್ನು ಕೆದಕಿದೆ. ಐದರ ಮ್ಯಾಗ್ನೆಟ್ಟು ಅಲ್ಲಿರಲಿಲ್ಲ.

"ಅಲ್ಲೆ ನೋಡು," ಎಂದರು ಭಾವ. ಫ್ರಿಜ್ಜಿನ ಮೇಲೆ, ನನ್ನ ಫೋಟೋದ ಕೆಳಗೆ, ಅದು ಎಂದಿನ ಜಾಗದಲ್ಲೇ ಇತ್ತು. "ನೀ ಒಗದ ದಿನಾನ ಆಕಿ ಹುಡುಕಿ ಹಚ್ಚಿದ್ಲು."

ನಾವು ಚಹಾ ಹಿಡಿದು ಹೊರಗೆ ಬಂದೆವು. ಕ್ವಿಜ್ ಶುರುವಾಗಿತ್ತು. ನಾನು ಅಕ್ಕನ ಆಚೆ ಬದಿಗೆ ಕೂತೆ, ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಪರದೆಯ ಮೇಲೆ ಏನೋ ಪ್ರಶ್ನೆ ಬಂತು, ಅದರಲ್ಲಿ ಒಂದು ನದಿಯ ಹೆಸರಿದ್ದ ಹಾಗಿತ್ತು. "ಪ್ಯೆಂಚ್, ನೀನು ಹೇಳೇ," ಎಂದಳು ಅಕ್ಕ.

"ವಾರ್ಸಾ," ಎಂದೆ. ನನಗೆ ಗೊತ್ತಿದ್ದ ಪೋಲೆಂಡಿನ ಊರು ಅದೊಂದೇ.

"ತಪ್ಪು," ಎಂದರು ಭಾವ, ಟೀವಿಯಿಂದ ಕಣ್ಣು ತೆಗೆಯದೆ. "ಇರ್ಲಿ ಬಿಡು ತಂಗಿ. ಇನ್ನಾ ಎರಡು ಅವಕಾಶ ಅದಾವ ನಿನಗ."